ಏಳನೇ ನಂಬರಿನ ಮುದ್ರೆ

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಅವಳು ಎಲ್ಲರಿಗೂ ಬಣ್ಣದಕ್ಕ. ಹನ್ನೊಂದು ವರ್ಷದಿಂದ ಒಂದೇ ಕೆಲಸ: ಯಂತ್ರದಿಂದ ಇಳಿದ ಬಟ್ಟೆಯ ತುಣುಕನ್ನು ಗಿರಾಕಿ ಕೊಟ್ಟ ಮಾದರಿಯ ಪಕ್ಕದಲ್ಲಿಟ್ಟು, ಎರಡೂ ಒಂದೇ ಬಣ್ಣವೆಂದು ಕಣ್ಣು ಒಪ್ಪಿದರೆ ಮುದ್ರೆ ಒತ್ತುವುದು. ಅವಳದು ಏಳನೇ ನಂಬರಿನ ಮುದ್ರೆ. ಅದು ಬಿದ್ದ ಮೇಲೆಯೇ ಲಾರಿ ಹೊರಡುತ್ತದೆ.

ಅಷ್ಟು ವರ್ಷದಲ್ಲಿ ಮೂವರು ಮ್ಯಾನೇಜರುಗಳು ಬಂದರು. ಮೂವರೂ ಹೊರಗಿನವರು, ಎಂಬಿಎ ಮಾಡಿದವರು. ತಿಳಿನೀಲಿ ಯಾವುದು, ಬೂದುನೀಲಿ ಯಾವುದು ಎಂದು ಮೂವರಿಗೂ ಹೇಳಿಕೊಟ್ಟವಳು ಇವಳೇ. ಮೂರನೆಯವರು ಬಂದ ವಾರ ಅವಳೂ ಎಂಬಿಎಗೆ ಅರ್ಜಿ ಹಾಕಿದಳು. ಆ ಕುರ್ಚಿಯ ಆಸೆಯನ್ನು ಗಂಡನಿಗೆ ಬಿಟ್ಟರೆ ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ.

ಕಾಲೇಜಿನವರು ಎರಡು ದಾರಿ ಕೊಟ್ಟರು. ಕೆಲಸ ಬಿಟ್ಟು ಎರಡು ವರ್ಷ ಪೂರ್ತಿ ಓದಬಹುದು. ಇಲ್ಲವೇ ಕೆಲಸದಲ್ಲಿದ್ದೇ ಸಂಜೆ ತರಗತಿಯಲ್ಲಿ ಮೂರು ವರ್ಷ. ಯಾವುದೆಂದು ತಿಳಿಸಲು ಆರು ವಾರದ ಗಡುವು, ಕೊನೆಯ ಸೋಮವಾರ ಸಂಜೆ ಐದರೊಳಗೆ. ಅವಳ ಮನಸ್ಸು ಸಂಜೆಯ ಕಡೆಗೇ ವಾಲಿತ್ತು. ಕೆಲಸ ಬಿಟ್ಟರೆ ಕಣ್ಣು ಮೊಂಡಾದೀತೆಂಬ ಭಯ. ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವ ಕಣ್ಣು ದಿನಾ ನೋಡುತ್ತಿದ್ದರೆ ಮಾತ್ರ ಉಳಿಯುತ್ತದೆ. ನಾಳೆ ಕುರ್ಚಿಯೂ ಸಿಗದೆ ಕಣ್ಣೂ ಹೋದರೆ ಅವಳು ಯಾರು?

ಸಂಜೆಯವರಿಗಾಗಿ ಇಟ್ಟಿದ್ದ ಆರು ವಾರಗಳ ಪೂರ್ವಸಿದ್ಧತೆಯ ಪಾಠವನ್ನು ಅವಳು ಒಂದು ದಿನವೂ ತಪ್ಪಿಸಲಿಲ್ಲ. ಓದಿ ಮುಗಿಸಿ ಮಲಗುವಾಗ ನಡುರಾತ್ರಿ ದಾಟುತ್ತಿತ್ತು. ಕೊನೆಯ ವಾರ, ಶನಿವಾರ ಬೆಳಿಗ್ಗೆ, ಹಿಂದಿನ ದಿನ ತಾನೇ ಮುದ್ರೆ ಒತ್ತಿದ ಕಡುನೀಲಿ ತುಣುಕು ಕಿಟಕಿಯ ಬೆಳಕಿನಲ್ಲಿ ಕಣ್ಣಿಗೆ ಬಿತ್ತು. ಮಾದರಿಯ ಪಕ್ಕದಲ್ಲಿ ಅದು ತುಸು ಕೆಂಪಿಗೆ ತಿರುಗಿತ್ತು.

ಒಂದು ಬೆಳಕಿನಲ್ಲಿ ಕೂಡಿದ ಬಣ್ಣ ಇನ್ನೊಂದರಲ್ಲಿ ಬೇರೆಯಾಗಿ ಕಾಣುವುದುಂಟು, ಅದಕ್ಕೇ ಪ್ರತಿ ತುಣುಕನ್ನೂ ಹಗಲಿನಂಥ ದೀಪದಲ್ಲೊಮ್ಮೆ, ಅಂಗಡಿಯಂಥ ದೀಪದಲ್ಲೊಮ್ಮೆ ನೋಡಬೇಕು. ಎರಡೂ ಸ್ವಿಚ್ ಒತ್ತಿದ್ದು ನೆನಪಿತ್ತು, ನೋಡಿದ್ದು ನೆನಪಿರಲಿಲ್ಲ. ಸುಮ್ಮನಿದ್ದರೂ ನಡೆದೀತು, ಯಾರಿಗೆ ತಿಳಿಯುತ್ತದೆ ಎಂದು ಒಂದು ಗಳಿಗೆ ಅನಿಸಿತು. ಹಾಗೆ ಅನಿಸಿದ್ದೇ ಅವಳನ್ನು ಇನ್ನಷ್ಟು ಹೆದರಿಸಿತು.

ಅವಳಿಗೆ ಕೆಲಸ ಕಲಿಸಿದ, ಈಗಲೂ ಆ ವಿಭಾಗ ನೋಡಿಕೊಳ್ಳುವ ಮಾಸ್ಟರ್ ಬಳಿ ಹೋಗಿ ಹೇಳಿದಳು. ಅವರು ಲಾರಿ ಹೋಗಿದ್ದ ಹೊಲಿಗೆಯ ಕಾರ್ಖಾನೆಗೆ ಫೋನ್ ಮಾಡಿದರು. ಬಟ್ಟೆ ಹಾಸಿದ್ದಾರಂತೆ, ಕತ್ತರಿ ಇನ್ನೂ ಹಾಕಿಲ್ಲವಂತೆ. ವಾಪಸ್ ಕಳಿಸಲು ಹೇಳಿ ಫೋನ್ ಇಟ್ಟವರು ಬಯ್ಯಲಿಲ್ಲ. ಬೀರುವಿನಿಂದ ಬಣ್ಣದ ಬಿಲ್ಲೆಗಳ ಪೆಟ್ಟಿಗೆ ತೆಗೆದರು. ವರ್ಷಕ್ಕೊಮ್ಮೆ ಅವನ್ನು ಬಣ್ಣದ ಕ್ರಮದಲ್ಲಿ ಸಾಲಾಗಿ ಜೋಡಿಸಿ ಕಣ್ಣಿನ ಪರೀಕ್ಷೆ ಕೊಡಬೇಕು. ಅವಳು ಎರಡಕ್ಕಿಂತ ಹೆಚ್ಚು ತಪ್ಪಿದವಳೇ ಅಲ್ಲ. ಈ ಸಲ ಜೋಡಿಸಿದಾಗ ಹದಿನೈದು ತಪ್ಪು.

"ಇದು ನಿನ್ನ ಕಣ್ಣಲ್ಲಮ್ಮ, ನಿದ್ದೆಗೆಟ್ಟ ಕಣ್ಣು," ಎಂದರು ಮಾಸ್ಟರ್. "ಎರಡು ದೋಣಿ ಮೇಲೆ ಕಾಲಿಟ್ಟಿದ್ದೀಯ."

"ಕೆಲಸ ಬಿಟ್ಟು ಓದಿದ್ರೆ, ಆಮೇಲೆ ಈ ಕಣ್ಣು ವಾಪಸ್ ಬರುತ್ತಾ ಮಾಸ್ಟರ್?"

"ಗೊತ್ತಿಲ್ಲ. ಬಿಟ್ಟು ಹೋದವರು ಯಾರೂ ವಾಪಸ್ ಬಂದು ತೋರಿಸಿಲ್ಲ."

ಭಾನುವಾರ ಮನೆಯಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದವಳು ಎರಡು ಕಪ್ಪು ಕಾಲುಚೀಲ ಹಿಡಿದು, ಇವು ಒಂದೇ ಜೊತೆಯಾ ಎಂದು ಗಂಡನನ್ನು ಕೇಳಿದಳು. ಅವನು ಬಸ್ ಚಾಲಕ.

"ನನ್ನ ಕೇಳ್ತೀಯಲ್ಲೇ! ನಂಗೆ ಗೊತ್ತಿರೋದು ಕೆಂಪು, ಹಳದಿ, ಹಸಿರು, ಅಷ್ಟೇ."

ಅವಳು ನಗಲಿಲ್ಲ. ನಡೆದದ್ದನ್ನೆಲ್ಲ ಹೇಳಿದಳು. ಸಂಜೆಯದೇ ಇರಲಿ, ಇನ್ನು ಮೇಲೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡಿದರಾಯಿತು ಎಂದೂ ಸೇರಿಸಿದಳು. ಅವನು ಅವಳ ಕೈಯಿಂದ ಕಾಲುಚೀಲ ತೆಗೆದು ಪಕ್ಕಕ್ಕಿಟ್ಟ.

"ತೂಕಡಿಕೆ ಬಂದ್ರೆ ನಾನು ಗಾಡಿ ನಿಲ್ಲಿಸ್ತೀನಿ ಕಣೇ. ನಿಧಾನಕ್ಕೆ ಓಡಿಸಿದ್ರಾಯ್ತು ಅನ್ನಲ್ಲ."

ಸೋಮವಾರ ನಾಲ್ಕೂ ಮುಕ್ಕಾಲಿಗೆ ಅವಳು ಪೂರ್ಣಾವಧಿಯ ಕಾಗದಕ್ಕೆ ಸಹಿ ಹಾಕಿದಳು. ಧೈರ್ಯ ಬಂದದ್ದರಿಂದಲ್ಲ. ಎರಡು ಹೆದರಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಕಣ್ಣು ಹೋದೀತೆಂಬುದಕ್ಕಿಂತ ಶನಿವಾರದ್ದೇ ದೊಡ್ಡದಾಗಿ ಕಂಡಿತು. ರಾಜೀನಾಮೆ ಓದಿದ ಮಾಸ್ಟರ್, ಮುದ್ರೆ ಇನ್ನೊಂದು ತಿಂಗಳು ನಿನ್ನದೇ ಎಂದರು. ಇವತ್ತು ಹೋಗಿ ಮಲಗು ಎಂದರು.

ಮಂಗಳವಾರ ಮೊದಲು ಬಂದದ್ದು ಮತ್ತೆ ಕಡುನೀಲಿ. ಒಂದು ದೀಪ ಹಾಕಿ ನೋಡಿದಳು. ಇನ್ನೊಂದು ಹಾಕಿ ನೋಡಿದಳು. ಕಣ್ಣು ತಣಿಯಲೆಂದು ಬೂದು ಬಣ್ಣದ ಗೋಡೆಯನ್ನು ಒಂದು ನಿಮಿಷ ದಿಟ್ಟಿಸಿ, ತುಣುಕನ್ನು ಕಿಟಕಿಗೆ ಒಯ್ದು ಮತ್ತೆ ನೋಡಿದಳು. ಬಣ್ಣ ಕೂಡಿತ್ತು. ಮುದ್ರೆ ಒತ್ತಿದಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒತ್ತಿ ಹಿಡಿದದ್ದಕ್ಕೆ ಏಳರ ಬಾಲ ಕಲಸಿಹೋಯಿತು.