ಪರಸಿ ಸಂದಿಯ ಜೇಡ

ನಮ್ಮ ಶಹಾಬಾದಿನಲ್ಲಿ ನೆಲಕ್ಕೂ ಪರಸಿ ಕಲ್ಲು, ಗೋಡೆಗೂ ಪರಸಿ, ಹಳೆಯ ಮನೆಗಳ ಮಾಳಿಗೆಗೂ ಪರಸಿಯೇ. ಇಷ್ಟು ಕಲ್ಲಿದ್ದ ಮೇಲೆ ಸಂದಿಗಳಿರುತ್ತವೆ. ಸಂದಿ ಇದ್ದ ಮೇಲೆ ಅಂಗೈಯಗಲದ, ಮೈತುಂಬ ಕೂದಲಿನ ಜೇಡಗಳೂ ಇರುತ್ತವೆ. ಮದುವೆಯಾಗಿ ಬಂದಾಗಿನಿಂದ ಅವುಗಳ ಜೊತೆಗೇ ಸಂಸಾರ ಮಾಡಿದ್ದೇನೆ. ಅವು ನನಗೇನೂ ಮಾಡಿರಲಿಲ್ಲ. ಅದನ್ನು ಈಗ ಹೇಳಿ ಏನು ಬಂತು?

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಹಣೆಯ ಬಲಭಾಗದಲ್ಲಿ ಉರಿಯುವ ಗುಳ್ಳೆಗಳೆದ್ದವು. ಸೊಪ್ಪಿನ ಔಷಧ ಕೊಡುವ ಪಕ್ಕದ ಮನೆಯ ಮುದುಕಿ ಬಂದು ಒಂದೇ ನೋಟಕ್ಕೆ ತೀರ್ಪು ಕೊಟ್ಟಳು.

"ಜ್ಯಾಡ ಹರದದ ತಂಗಿ. ಮಲಗಿದಾಗ ಮಾರಿ ಮ್ಯಾಲ ಹಾದು ಹೋಗ್ಯಾದ. ಗ್ವಾಡೀದೋ, ನೆಲದ್ದೋ? ಹುಳ ನೋಡದ ನಾ ಸೊಪ್ಪು ಹಚ್ಚಂಗಿಲ್ಲ."

ಅವಳ ಪದ್ಧತಿಯೇ ಹಾಗೆ. ಗೋಡೆಯ ಜೇಡಕ್ಕೆ ಒಂದು ಸೊಪ್ಪು, ನೆಲದ ಜೇಡಕ್ಕೆ ಇನ್ನೊಂದು. ಸರಿ, ಪರಸಿ ಪಾಲಿಶ್ ಮಾಡುವ ನನ್ನ ಗಂಡ ಕೆಲಸ ಬಿಟ್ಟು ಜೇಡ ಹುಡುಕಲು ನಿಂತರು. ಗೋಡೆಯದು ಚಪ್ಪಟೆ, ಏಡಿಯಂತೆ ಕಾಲುಗಳನ್ನು ಅಡ್ಡಡ್ಡ ಚಾಚಿರುತ್ತದೆ. ಬಲೆ ಕಟ್ಟುವುದಿಲ್ಲ, ಜಿರಳೆ ಹಿಡಿದು ತಿನ್ನುತ್ತದೆ. ತಾಯಿಯಾದರೆ ಹೊಟ್ಟೆಯಡಿ ಬಿಳಿ ಬಿಲ್ಲೆಯಂಥ ಮೊಟ್ಟೆಚೀಲ ಹೊತ್ತು ತಿರುಗುತ್ತದೆ. ನೆಲದ್ದು ದಪ್ಪ ಮೈಯ ನಿಧಾನಿ. ಹಿತ್ತಲಲ್ಲಿ ಒರಗಿಸಿಟ್ಟ ಪರಸಿಯ ಬುಡದ ಮಣ್ಣಿನಲ್ಲಿ ಬಿಲ ತೋಡಿ, ಒಳಗೆ ರೇಷ್ಮೆಯಂತೆ ನೂಲು ಹೊದಿಸಿಕೊಂಡಿರುತ್ತದೆ. ಗಾಜಿನ ಬಾಟಲಿಯಲ್ಲಿ ಒಂದೊಂದೇ ಬಂದವು. ಮುದುಕಿ ಒಂದೊಂದನ್ನೇ ನೋಡಿ ತಲೆಯಾಡಿಸಿದಳು.

"ಇದಲ್ಲ ಬಿಡು. ಇದರ ಮಾರಿ ನೋಡಿದ್ರ ಗೊತ್ತಾಗ್ತದ."

ಜೇಡದ ಮುಖದಲ್ಲಿ ಅವಳಿಗೆ ಏನು ಗೊತ್ತಾಗುತ್ತಿತ್ತೋ! ಅಷ್ಟರಲ್ಲಿ ಗುಳ್ಳೆಗಳು ಮೂಗಿನ ತುದಿಗೆ ಇಳಿದವು, ಕಣ್ಣು ಕೆಂಪಾಗಿ ಬಾತುಕೊಂಡಿತು.

"ಕಲಬುರಗಿ ದವಾಖಾನಿಗೆ ಹೋಗಮು ನಡೀರಿ," ಎಂದೆ. ಅಳುತ್ತಲೇ ಹೇಳಿದೆ.

"ಹುಡುಕಾಕತ್ತೀನಲ್ಲ. ಇನ್ನ ಆ ಮೂಲಿ ಕಲ್ಲು ಒಂದ್ ಉಳದದ," ಎಂದರು ಅವರು. ಪ್ರೀತಿಯಿಂದಲೇ ಅಂದರು, ಅದೇ ನನ್ನನ್ನು ಸುಡುವುದು. ಕೆಟ್ಟ ಮನಸ್ಸಿದ್ದರೆ ಬೈದು ಹಗುರಾಗುತ್ತಿದ್ದೆ.

ಕೊನೆಗೆ ಕಲಬುರಗಿಗೆ ಹೋದಾಗ ಡಾಕ್ಟರು ಟಾರ್ಚ್ ಹಿಡಿದು ನೋಡಿ, ಅದನ್ನು ಆರಿಸಿ ಮೇಜಿನ ಮೇಲಿಟ್ಟರು.

"ಇದು ಜ್ಯಾಡ ಅಲ್ಲವ್ವ, ಸರ್ಪಸುತ್ತು. ಗುಳ್ಳಿ ಎದ್ದ ಕೂಡ್ಲೆ ಬಂದಿದ್ರ ಕಣ್ಣು ಉಳೀತಿತ್ತೇನೋ."

ಸರ್ಪಸುತ್ತು ಸೊಂಟಕ್ಕೆ ಬರುವುದನ್ನು ಕಂಡವರು ನಾವು. ಹಣೆಗೆ ಬಂದರೆ ಯಾರಿಗೆ ಹೊಳೆಯಬೇಕು? ಗುಳ್ಳೆಗಳು ಹಣೆಯ ನಟ್ಟನಡುವೆ ಗೆರೆ ಕೊಯ್ದಂತೆ ನಿಂತಿದ್ದವು, ಎಡಕ್ಕೆ ಒಂದೂ ದಾಟಿರಲಿಲ್ಲ. ಹರಿದಾಡುವ ಹುಳಕ್ಕೆ ಅಂಥ ಗಡಿ ಎಲ್ಲಿಯದು? ಮನೆಯ ಅಷ್ಟೂ ಸಂದಿ ನೋಡಿದವರು ನನ್ನ ಮುಖವನ್ನು ಸರಿಯಾಗಿ ನೋಡಲಿಲ್ಲ. ಬಲಗಣ್ಣು ಹೋಯಿತು. ಸೂಜಿಗೆ ದಾರ ಪೋಣಿಸಲು ಹೋಗಿ ಬೆರಳಿಗೆ ಚುಚ್ಚಿಕೊಳ್ಳುತ್ತೇನೆ. ಯಾವ ದೇವರನ್ನೂ ಏನೂ ಕೇಳುವ ಮನಸ್ಸಿಲ್ಲ ಈಗ.

ಮನೆಗೆ ಬಂದ ಮೇಲೆ ಅವರು ಗೋಡೆಯ ಸಂದಿಗಳಿಗೆಲ್ಲ ಸಿಮೆಂಟ್ ತುಂಬಿದರು. ಬೇಡವೆನ್ನಲೂ ನನಗೆ ಬೇಸರ.

ಮೊನ್ನೆ ಗೋಡೆಯ ಮೇಲೆ ಒಂದು ಜೇಡ ಬಂದಿತ್ತು, ಮೊಟ್ಟೆಚೀಲ ಹೊತ್ತುಕೊಂಡು. ಅವರು ಚಪ್ಪಲಿ ಎತ್ತಿಕೊಂಡು ನಿಂತು, "ಯಾವುದು ಅದು?" ಎಂದು ಕೇಳಿದರು.

"ಗ್ವಾಡೀದರಿ. ಏನೂ ಮಾಡಂಗಿಲ್ಲ, ಬಿಡ್ರಿ."

ಅದು ಸ್ವಲ್ಪ ಹೊತ್ತು ಅಲುಗದೆ ನಿಂತು, ಆಮೇಲೆ ನನ್ನ ಬಲಕ್ಕೆ ಓಡಿತು. ಎಲ್ಲಿ ಹೋಯಿತೋ, ನನಗೆ ಕಾಣಲಿಲ್ಲ.