ಹೆಸರು ಹೇಳದ ಪ್ರಾರ್ಥನೆ

ನಮ್ಮ ಚರ್ಚಿನ ಸಭೆಯಲ್ಲಿ ಗುಟ್ಟು ಕಾಪಾಡಲು ಒಂದು ಗಂಭೀರವಾದ ಪದ್ಧತಿ ಇದೆ. ಬುಧವಾರ ಸಂಜೆ ಹೆಂಗಸರ ಪ್ರಾರ್ಥನಾ ಕೂಟದಲ್ಲಿ ಯಾರು ಬೇಕಾದರೂ ಮನೆಯ ಕಷ್ಟ ಹೇಳಿಕೊಳ್ಳಬಹುದು, ಹೆಸರು ಮಾತ್ರ ಹೇಳುವಂತಿಲ್ಲ. ‘ಒಬ್ಬ ಸಹೋದರಿ’, ‘ಒಂದು ಕುಟುಂಬ’ ಎನ್ನಬೇಕು. ಒಂದು ಬುಧವಾರ ನನ್ನ ಅಕ್ಕ ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ, ಕಣ್ಣು ಮುಚ್ಚಿ ಬೇಡಿಕೊಂಡಳು:

“ಒಬ್ಬಾಕಿ ವಿಧವಿ ಇದ್ದಾಳ. ಆಕಿಗೆ ಒಬ್ಬನ ಮಗ. ಚಿಂಚವಾಡದ ಕಾರ್ಖಾನಿಗೆ ಹೋಗ್ತಾನ, ಸಭಾದಾಗ ಕೀಬೋರ್ಡ್ ಬಾರಸ್ತಾನ. ಅವನ ಅಂಗಿ ಕಿಸೇದಾಗ ಗಾಂಜಾ ಸಿಕ್ಕದ. ಅವನ ಸಲುವಾಗಿ ಪ್ರಾರ್ಥನಾ ಮಾಡ್ರಿ.”

ಪುಣೆ ಪಕ್ಕದ ಪಿಂಪ್ರಿಯ ನಮ್ಮ ಕನ್ನಡ ಸಭೆಯಲ್ಲಿ ಕೀಬೋರ್ಡ್ ಇರುವುದು ಒಂದೇ.

ಮರುದಿನ ಬೆಳಿಗ್ಗೆ ಧನಕವಡಿಯ ಒಬ್ಬ ಹಿರಿಯ ಸದಸ್ಯೆ ನನಗೆ ಫೋನ್ ಮಾಡಿದರು. “ಯಾರು ಏನು ಅಂತ ನಾವು ಕೇಳೂದಿಲ್ರಿ. ಅದು ಪದ್ಧತಿ ಅಲ್ಲ. ಅಂದಂಗ ನಿಮ್ಮ ಅಕ್ಕನ ಮಗ ಆರಾಮ ಇದ್ದಾನೇನ್ರಿ?” ಆಮೇಲೆ ಭೋರ್‌ಗೆ ಮದುವೆ ಮಾಡಿಕೊಟ್ಟ ಅವರ ಮಗಳೂ ಫೋನ್ ಮಾಡಿ, ತಾನೂ ಹೆಸರು ಕೇಳುವುದಿಲ್ಲ ಎಂದಳು.

ಆ ಭಾನುವಾರವೇ ಕರ್ತನ ಭೋಜನ. ರೊಟ್ಟಿ ಮುರಿದು, ದ್ರಾಕ್ಷಿರಸ ಹಂಚಿ, ಎಲ್ಲರೂ ಒಂದೇ ಮೇಜಿನವರು ಎಂದು ಸಾರುವ ತಿಂಗಳ ಆರಾಧನೆ ಅದು. ಮಗ ತನ್ನ ಪಕ್ಕದಲ್ಲಿ ಕೂತು ರೊಟ್ಟಿ ತೆಗೆದುಕೊಳ್ಳಬೇಕು ಎಂಬುದು ಅಕ್ಕನ ಒಂದೇ ಆಸೆ. ಗಂಡ ಹೋದ ಮೇಲೆ ಆ ಬೆಂಚಿನಲ್ಲಿ ಅವಳಿಗೆ ಉಳಿದವನು ಅವನೊಬ್ಬನೇ. ಆದರೆ ಯಾರು ಭೋಜನಕ್ಕೆ ಯೋಗ್ಯರು ಎಂದು ಅದಕ್ಕೆ ಎರಡು ದಿನ ಮೊದಲು, ಶುಕ್ರವಾರ, ಸಭೆಯ ಹಿರಿಯರು ಕೂತು ತೀರ್ಮಾನಿಸಬೇಕು. ಹಿರಿಯರಲ್ಲಿ ನಾನೂ ಒಬ್ಬ. ಸಾಮಾನ್ಯವಾಗಿ ಅಲ್ಲಿ ಬರುವುದು ಮಾತು ಬಿಟ್ಟ ಅಣ್ಣತಮ್ಮಂದಿರ ವಿಷಯ. ಅವರನ್ನು ಕರೆಸಿ ಕೈ ಕುಲುಕಿಸಿ, ನಾವು ಚಹಾ ಕುಡಿದು ಏಳುತ್ತೇವೆ. ಗಾಂಜಾದ ಜತೆ ಯಾರ ಕೈ ಕುಲುಕಿಸುವುದು?

ಶುಕ್ರವಾರ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಕಿಟಕಿಯ ಹತ್ತಿರ ಹೋದೆ, ಬಂದೆ, ಮತ್ತೆ ಹೋದೆ. ಅಲ್ಲಿ ನಮ್ಮ ಹಿರಿಯರಲ್ಲೇ ಹಿರಿಯರಾದವರೊಬ್ಬರು, ನಿವೃತ್ತ ಫಿಟ್ಟರ್, ಬಾಯಿಯ ತಂಬಾಕನ್ನು ಹೊರಗೆ ಉಗುಳುತ್ತಿದ್ದರು. ಉಗುಳಿ, ಬಾಯಿ ಒರೆಸಿಕೊಂಡು, ಪೀಠಕ್ಕೆ ಮರಳಿ ತೀರ್ಪು ಕೊಟ್ಟರು: “ದೇಹ ಅಂದ್ರ ದೇವರ ಆಲಯ. ಅದರಾಗ ಹೊಗಿ ಹಾಕೂದು ಅಂದ್ರೇನು?”

“ನೀವು ಹಾಕೂದು ಹೊಗಿ ಅಲ್ಲ ಬಿಡ್ರಿ,” ಎಂದರು ನಮ್ಮ ಅಯ್ಯನವರು, ಅಂದರೆ ಪಾಸ್ಟರು, ಬಹಳ ಮೆತ್ತಗೆ.

“ಅಯ್ಯನೋರ, ಇದು ಚಟ. ಅದು ನಶಾ. ಚಟದಾಗ ಮನಶ್ಯಾಗ ಎಚ್ಚರ ಇರತದ.”

ನಗು ಬಂದರೂ ಮಾತು ಪೂರ್ತಿ ಪೊಳ್ಳಲ್ಲ. ನಮ್ಮ ಅಜ್ಜಂದಿರು ಕ್ರೈಸ್ತರಾದಾಗ ಊರಿಗೆ ಕಂಡ ಮೊದಲ ಗುರುತು ಶಿಲುಬೆಯಲ್ಲ, ಅವರು ಸೆರೆ ಕುಡಿಯುವುದು ಬಿಟ್ಟದ್ದು. ಅವತ್ತಿನಿಂದ ನಾವು ಭೋಜನದ ದ್ರಾಕ್ಷಿರಸವನ್ನೂ ನಂಬದೆ, ಎಲ್ಲಿ ಹುಳಿಯುತ್ತದೋ ಎಂದು ಕುದಿಸಿಯೇ ಮೇಜಿಗೆ ತರುವ ಜನ. ಎಚ್ಚರವಾಗಿರುವುದೇ ನಮ್ಮಲ್ಲಿ ಅರ್ಧ ಭಕ್ತಿ. ಕೊನೆಗೆ ತೀರ್ಮಾನವಾಯಿತು: ಸೋದರಮಾವನಾದ ನಾನು ಹುಡುಗನನ್ನು ಕೇಳಬೇಕು. ಬಿಟ್ಟಿದ್ದೇನೆ ಎಂದರೆ ಭೋಜನ. ಇಲ್ಲವಾದರೆ ಬೆಂಚಿನಲ್ಲಿ ಸುಮ್ಮನೆ ಕೂರಬೇಕು.

ಶನಿವಾರ ಬೆಳಿಗ್ಗೆ ಹೋದಾಗ ಅಕ್ಕ ಬಾಗಿಲಲ್ಲಿ ಕೂತು ಮಿಶ್ರಿ ತಿಕ್ಕುತ್ತಿದ್ದಳು. ಮಿಶ್ರಿ ಎಂದರೆ ಸುಟ್ಟ ತಂಬಾಕಿನ ಕರಿ ಪುಡಿ. ಇಲ್ಲಿಯ ಹೆಂಗಸರು ಅದರಿಂದ ಹಲ್ಲು ತಿಕ್ಕುತ್ತಾರೆ. ಅಕ್ಕ ಪುಣೆಗೆ ಬಂದು ಮರಾಠಿಗಿಂತ ಮೊದಲು ಕಲಿತದ್ದು ಅದನ್ನೇ. ಅದು ಒಸಡಿಗೆ ತಾಗದೆ ಅವಳ ಬೆಳಗಿನ ಪ್ರಾರ್ಥನೆ ಶುರುವಾಗುವುದಿಲ್ಲ.

ಸೋದರಳಿಯ ಒಳಗಿದ್ದ. ನಾನು ಕೂರದೆ, ಅಡ್ಡಾಡುತ್ತಲೇ ಕೇಳಿದೆ, ಬಿಟ್ಟಿದ್ದೀಯಾ ಎಂದು.

“ಕೂಡ್ರಿ ಮಾಮಾ. ಹಂಗ ಅತ್ತಿಂದಿತ್ತ ಅಡ್ಡಾಡಿದ್ರ ನನಗ ತಲಿ ತಿರಗತದ. ರಜಾ ದಿನ ದೋಸ್ತರ ಜೋಡಿ ಸೇದ್ತೀನಿ. ಮಜಾಕ್ಕ. ಯಾರಿಗೆ ಬಡದೀನಿ? ಯಾರ ಮನಿ ಮುರದೀನಿ? ಗಿಡಾ ದೇವರ ಮಾಡಿದ್ದಲ್ಲೇನ್ರಿ?”

“ಕಳ್ಳಿ ಗಿಡಾನೂ ದೇವರ ಮಾಡ್ಯಾನ. ಪಲ್ಯಾ ಮಾಡ್ಕೊಂಡ ತಿಂತೀಯೇನು?”

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿದ. “ಬಿಟ್ಟೀನಿ ಅಂತ ಸುಳ್ಳ ಹೇಳಿದ್ರ ಮೇಜಿಗೆ ಬರಬಹುದು. ಖರೇ ಹೇಳಿದ್ರ ಹೊರಗ. ಹೌದಲ್ರಿ ಮಾಮಾ?”

ಬಿಡಬೇಕೆಂದು ಎರಡು ಸಲ ನೋಡಿದ್ದಾನಂತೆ. ಮಜಾಕ್ಕೆ ಹಿಡಿದದ್ದು ಬಿಡುವಾಗ ಮಜಾ ಇರಲಿಲ್ಲವಂತೆ. ಬಾಗಿಲಿನಿಂದ ಅಕ್ಕ ಕೂಗಿದಳು: “ಮಾಮಾನ ಮುಂದ ಬಿಟ್ಟೀನಿ ಅನ್ನೋ! ದೇವರ ಮುಂದ ಆಮ್ಯಾಲ ನೋಡ್ಕೊಳ್ಳೋಣು!”

“ನೀ ಮಿಶ್ರಿ ಬಿಡ್ತೀಯೇನವ್ವಾ?”

“ಇದು ಹಲ್ಲಿಗೆ!”

“ನಿನಗ ಹಲ್ಲ ಎಲ್ಲಿ ಉಳದಾವ?”

ಅಕ್ಕ ಬಾಯಿ ತೊಳೆಯಲು ಹೋದಳು. ಆ ತೊಳೆಯುವುದು ಬಹಳ ಹೊತ್ತು ನಡೆಯಿತು.

ಭಾನುವಾರ ಮಧ್ಯಾಹ್ನ, ಮರಾಠಿ ಸಭೆಯವರು ಎದ್ದು ಹೋದ ಮೇಲೆ, ಅದೇ ಹಾಲ್‌ನಲ್ಲಿ ನಮ್ಮ ಆರಾಧನೆ. ಹಾಡುಗಳಾದವು. ವಿಶೇಷ ಪ್ರಾರ್ಥನೆ ಯಾರಿಗಾದರೂ ಬೇಕೇ ಎಂದು ಅಯ್ಯನವರು ಕೇಳಿದರು. ಅಳಿಯ ಕೀಬೋರ್ಡ್ ಬಿಟ್ಟು ಎದ್ದು ನಿಂತ. ಇಡೀ ಸಭೆ ಹೆಸರು ಕೇಳದವರ ಮುಖ ಹಾಕಿಕೊಂಡಿತು.

“ಒಬ್ಬ ಮಗ ಇದ್ದಾನ್ರಿ. ಗಾಂಜಾ ಬಿಟ್ಟಿಲ್ಲ, ಬಿಡೂದು ಆಗವಲ್ತು. ಅವನ ಅವ್ವ ಒಬ್ಬಾಕಿ. ಆಕಿಗೆ ಮಿಶ್ರಿ ಬಿಡೂದು ಆಗವಲ್ತು. ಇಬ್ಬರ ಸಲುವಾಗಿ ಪ್ರಾರ್ಥನಾ ಮಾಡ್ರಿ. ಹೆಸರು ಬ್ಯಾಡ.”

ಅಯ್ಯನವರು ಹೆಸರಿಲ್ಲದೆ ಪ್ರಾರ್ಥಿಸಿದರು. ಆಮೆನ್ ಎಂದಾಗ ಫಿಟ್ಟರ್ ಹಿರಿಯರ ದನಿ ಎಲ್ಲರಿಗಿಂತ ಸಣ್ಣದಾಗಿತ್ತು. ಅಳಿಯ ಬಂದು ಅವ್ವನ ಪಕ್ಕದಲ್ಲಿ ಕೂತ. ರೊಟ್ಟಿಯ ತಟ್ಟೆ ಹಿಡಿದು ಸಾಲುಗಳಲ್ಲಿ ಹೋಗುವ ಸರದಿ ಅವತ್ತು ನನ್ನದು. ಅವರ ಬೆಂಚಿಗೆ ಬಂದೆ. ಅಳಿಯ ಕೈ ಚಾಚಲಿಲ್ಲ. ಅಕ್ಕನೂ ಚಾಚಲಿಲ್ಲ.

“ತಗೊ ಅಕ್ಕಾ. ನಿನಗ ಯಾರೂ ಬ್ಯಾಡ ಅಂದಿಲ್ಲ,” ಎಂದೆ ಪಿಸುಮಾತಿನಲ್ಲಿ.

“ಯಾರೂ ಅಂದಿಲ್ಲ ಅಂತ ಗೊತ್ತದ. ಮುಂದ ಹೋಗು ತಮ್ಮಾ. ಜನಾ ನೋಡಾಕತ್ಯಾರ.”

ಮುಂದೆ ಹೋದೆ. ತಿರುಗಿ ನೋಡಿದಾಗ ತಾಯಿ ಮಗ ಒಂದೇ ಬೆಂಚಿನಲ್ಲಿ, ಬರಿಗೈಯಲ್ಲಿ, ಅಂಟಿಕೊಂಡು ಕೂತಿದ್ದರು.

ಮರುದಿನ ಬೆಳಿಗ್ಗೆ ಅಕ್ಕನ ಫೋನ್. ದನಿ ಹರಿತವಾಗಿತ್ತು. “ಮುಂದಿನ ಭೋಜನದ ತನಕ ನಾ ಮಿಶ್ರಿ ಮುಟ್ಟೂದಿಲ್ಲ, ಅವ ಗಾಂಜಾ ಮುಟ್ಟೂದಿಲ್ಲ ಅಂತ ಇಬ್ಬರೂ ಮಾತಾಡ್ಕೊಂಡೀವಿ. ತಲಿ ಸಿಡೀಲಿಕ್ಕತ್ತದ. ಆಗಿಂದ ಇಬ್ಬರೂ ಬಡದಾಡಾಕತ್ತೀವಿ. ಒಬ್ಬಾಕಿ ಹೆಣ್ಮಗಳ ಸಲುವಾಗಿ ಪ್ರಾರ್ಥನಾ ಮಾಡು. ಹೆಸರು ಬ್ಯಾಡ.”

ಹಿಂದಿನಿಂದ ಅಳಿಯನ ದನಿ: “ಹೆಸರು ಹೇಳವ್ವಾ! ದೇವರಿಗೆ ಗೊಂದಲ ಆಗ್ತದ!”

ಫೋನ್ ಇಟ್ಟು ಮೊಣಕಾಲೂರಲು ನೋಡಿದೆ, ಆಗಲಿಲ್ಲ. ಬಾಲ್ಕನಿಯಲ್ಲಿ ಅತ್ತಿಂದಿತ್ತ ಅಡ್ಡಾಡುತ್ತಲೇ ಇಬ್ಬರ ಹೆಸರನ್ನೂ ಗಟ್ಟಿಯಾಗಿ ಹೇಳಿದೆ. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು.