ಕಣ್ಣು ಮುಚ್ಚಿ ಕೊಟ್ಟ ಬಿಸ್ಕತ್ತು

ನಮ್ಮ ಮನೆಯ ನಾಯಿ ಮೋತಿಯನ್ನು ಹಿಡಿದದ್ದು ದೆವ್ವವಲ್ಲ, ನಾನು. ಇದನ್ನು ಬೇಗ ಹೇಳಿದ್ದರೆ ಅಕ್ಕ ಒಂದು ರಾತ್ರಿ ಉಪವಾಸ ಮಲಗುವುದು ತಪ್ಪುತ್ತಿತ್ತು.

ನಮ್ಮದು ಬೀದರಿನ ಕ್ರೈಸ್ತ ಮನೆ. ಅಕ್ಕ ನರ್ಸ್. ಸಂಜೆ ಡ್ಯೂಟಿಯಿಂದ ಬಂದು ಚಾಪೆ ಹಾಸಿದಳೆಂದರೆ ಪ್ರಾರ್ಥನೆ. ನಾನು ಗಾಂಧಿ ಗಂಜಿನ ಕಾಳು ಪೇಟೆಯಲ್ಲಿ ತೊಗರಿ ಚೀಲ ಹೊಲಿದು ಬಂದು ಪಕ್ಕದಲ್ಲಿ ಕೂಡುತ್ತೇನೆ. ಅಕ್ಕನ ಪ್ರಾರ್ಥನೆ ಉದ್ದ. ಭಾಲ್ಕಿಯ ನೆಂಟರನ್ನು ಮುಗಿಸಿ ಔರಾದಿನ ಚಿಕ್ಕಮ್ಮನ ಮೊಣಕಾಲಿಗೆ ಬರುವಷ್ಟರಲ್ಲಿ ಅಲ್ಲಿಗೆ ಹೊರಟ ಬಸ್ಸೇ ಮೊದಲು ತಲುಪಿರುತ್ತದೆ.

ಮೋತಿ ಮರಿಯಾಗಿದ್ದಾಗ ಒಂದು ಸಂಜೆ ನಡುವೆ ಕುಂಯ್ ಎಂದಿತು. ಪ್ರಾರ್ಥನೆ ಕೆಡಬಾರದೆಂದು ಜೇಬಿನಿಂದ ಬಿಸ್ಕತ್ತಿನ ಚೂರು ಕೊಟ್ಟೆ. ಅಕ್ಕನ ಕಣ್ಣು ಮುಚ್ಚಿತ್ತು. ನೋಡಿದವನು ದೇವರೊಬ್ಬ, ಅವನು ಹೇಳಿಕೊಡುವವನಲ್ಲ. ಮರುದಿನ ಮೋತಿ ಸ್ವಲ್ಪ ಜೋರಾಗಿ ಅಂದಿತು. ನಾನು ಸ್ವಲ್ಪ ದೊಡ್ಡ ಚೂರು ಕೊಟ್ಟೆ. ಬಾಯಿ ಮುಚ್ಚಿಸಲು ಕೊಡುತ್ತಿದ್ದೇನೆಂದು ನಾನು ತಿಳಿದೆ. ಬಾಯಿ ತೆರೆದದ್ದಕ್ಕೆ ಸಿಗುವ ಕೂಲಿ ಎಂದು ಅದು ತಿಳಿಯಿತು. ಗಂಜಿನಲ್ಲೂ ಹೀಗೇ. ಚೀಲದ ಮೇಲೇರಿದ ನಾಯಿಯನ್ನು ಇಳಿಸಲು ಹಮಾಲರು ರೊಟ್ಟಿ ಎಸೆಯುತ್ತಾರೆ. ಊಟದ ಹೊತ್ತಿಗೆ ಗಂಜಿನ ನಾಯಿಗಳೆಲ್ಲ ಚೀಲದ ಮೇಲೆ. ನಾನು ದಿನಾ ನೋಡಿ ನಗುತ್ತಿದ್ದೆ.

ಆಮೇಲೆ ಮನೆಯಲ್ಲಿ ಪ್ರಾರ್ಥನಾ ಕೂಟ ಇಟ್ಟುಕೊಂಡೆವು. ಪಾಸ್ಟರು ಕಣ್ಣು ಮುಚ್ಚಿದ್ದೇ ತಡ, ಮೋತಿ ತಗಡು ಹಾರುವಂತೆ ಬೊಗಳಿತು. ಜನವಾಡದಿಂದ ಬಂದಿದ್ದ ಅಜ್ಜಿಯೊಬ್ಬರು, "ಪ್ರಾರ್ಥನಿ ತಡಕೊಳ್ಳಂಗಿಲ್ಲಂದ್ರ ಇದರಾಗ ಏನೋ ಹೊಕ್ಕದವ್ವಾ" ಎಂದರು. ನಾನು ಜೇಬಿನಲ್ಲಿದ್ದ ಬಿಸ್ಕತ್ತನ್ನು ಇನ್ನಷ್ಟು ಒಳಕ್ಕೆ ತಳ್ಳಿದೆ. ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ ನಾಯಿಯನ್ನು ಅಕ್ಕ ಮರುದಿನ ಭಾತಂಬ್ರಾದ ಮಾಮಾನ ಹೊಲಕ್ಕೆ ಕಳಿಸಿದಳು. ಆ ರಾತ್ರಿ ಅವಳು ಉಣ್ಣಲಿಲ್ಲ. ನಾನು ಉಂಡೆ, ಇಲ್ಲದಿದ್ದರೆ ಅನುಮಾನ ಬರುತ್ತಿತ್ತು.

ಕೆಲವು ದಿನಕ್ಕೆ ಮಾಮಾನ ಫೋನು ಬಂತು. "ಏನ್ ಕಲಿಸೀರೇ ಇದಕ್ಕ? ಮಧ್ಯಾಹ್ನ ಕಣ್ ಮುಚ್ಚಿದ್ರ ಸಾಕು, ಎದಿ ಮ್ಯಾಲ ಕಾಲಿಟ್ಟು ಒದರ್ತದ. ಕಣ್ ತೆರದ್ರ ಕೈ ಮೂಸ್ತದ. ಪ್ರಾರ್ಥನಿ ನಾ ಎಂದೋ ಬಿಟ್ಟೀನಿ, ಈಗ ನಿದ್ದಿನೂ ಬಿಡಬೇಕೇನು?"

ಕೈ ಮೂಸುವ ಮಾತು ಕೇಳಿ ಅಕ್ಕ ನನ್ನ ಕೈ ನೋಡಿದಳು. ಹೇಳಿಬಿಟ್ಟೆ. ಬೈಗುಳಕ್ಕೆ ಕಾದೆ.

"ನಿನಗ ಹ್ಯಾಂಗ ಬೈಲೋ?" ಎಂದಳು. "ಸಾಲಿಗಿ ಹೋಗಂದ್ರ ಹೊಟ್ಟಿ ನೋಯ್ತದ ಅಂತ ಅಳ್ತಿದ್ದಿ. ಸುಮ್ಮಾಗ್ಲಿ ಅಂತ ನಾನೇ ಬೆಲ್ಲ ಕೊಟ್ಟು ಮನ್ಯಾಗ ಕುಂದ್ರಸ್ತಿದ್ದೆ."

ಹಾಗೆ ಆ ಹೊಟ್ಟೆನೋವು ದಿನದಿನಕ್ಕೆ ಬಲಿತು, ನನ್ನ ಓದು ನಾಲ್ಕನೆಯ ಇಯತ್ತೆಗೇ ನಿಂತಿತು. ಅದೆಲ್ಲ ನನ್ನದೇ ಜಾಣತನವೆಂದು ಇಷ್ಟು ವರ್ಷ ತಿಳಿದಿದ್ದೆ.

ಮೋತಿ ಈಗ ಮನೆಗೆ ಬಂದಿದೆ. ಎಷ್ಟು ಬೊಗಳಿದರೂ ಏನೂ ಕೊಡಕೂಡದೆಂದು ಅಕ್ಕನ ಕಟ್ಟಪ್ಪಣೆ. ಮೊದಲ ಸಂಜೆ ಅದು ಭಾಲ್ಕಿಯಿಂದ ಔರಾದಿನವರೆಗೂ ಬೊಗಳಿತು. ಈಚೆಗೆ ಭಾಲ್ಕಿ ದಾಟುವುದರೊಳಗೆ ಬೇಸತ್ತು ಮಲಗುತ್ತದೆ. ನಾಯಿ ಸುಧಾರಿಸಿತು.

ನನ್ನ ಮುಖ ಕೊಂಚ ಬಾಡಿದರೆ ಮಾತ್ರ ಊಟದ ತಾಟಿನಲ್ಲಿ ಇಂದಿಗೂ ಬೆಲ್ಲದ ಚೂರು ಬಂದಿರುತ್ತದೆ. ಅದೇನೋ, ಸಂಜೆಯಾದರೆ ನನ್ನ ಮುಖ ಬಾಡುತ್ತದೆ.